ಪಟ್ಟೆಗಳ ಮೇಲಿನ ಅಪವಾದ

ತಾಮ್ರದ ಆಕ್ಸೈಡ್‌ಗಳ ಅತಿವಾಹಕತೆಯ ಮಾತು ಬಂದರೆ ಬೆಂಗಳೂರಿನಲ್ಲಿ ಕಥೆ ಶುರುವಾಗುವುದೇ 1987ರ ಜನವರಿಯಿಂದ. ಫಿಲಿಪ್ ಆಂಡರ್ಸನ್ ತಮ್ಮ ‘ಅನುರಣಿಸುವ ಜೋಡಿಬಂಧ’ದ ಕಲ್ಪನೆಯನ್ನು ಮುಂದಿಟ್ಟದ್ದು ಇಲ್ಲಿನ ಸಮ್ಮೇಳನದಲ್ಲಿ, ಮಾರ್ಚ್‌ನಲ್ಲಿ ಅದು ‘ಸೈನ್ಸ್’ ಪತ್ರಿಕೆಯಲ್ಲಿ ಅಚ್ಚಾಯಿತು. ಆ ಹೆಮ್ಮೆ ನನಗೂ ಇದೆ. ಆದರೆ ಹೆಮ್ಮೆಯೇ ವಿಮರ್ಶೆಯ ಜಾಗದಲ್ಲಿ ಬಂದು ಕೂತಿದೆ. ಲ್ಯಾಂಥನಮ್ ತಾಮ್ರದ ಆಕ್ಸೈಡ್‌ನಲ್ಲಿ ಸ್ಪಿನ್‌ಗಳು ದ್ರವದಂತಿವೆ ಎಂದಿತು ಆ ಲೇಖನ. ಅವು ಒಂದು ಮೇಲೆ, ಒಂದು ಕೆಳಗೆ ಎಂದು ಶಿಸ್ತಾಗಿ ನಿಂತಿರುವುದನ್ನು ಅದೇ ವರ್ಷ ನ್ಯೂಟ್ರಾನ್ ಪ್ರಯೋಗ ತೋರಿಸಿತು. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ: ಬೆರಕೆಯಿಂದ (ಡೋಪಿಂಗ್) ಬಂದ ಚಾರ್ಜ್ ಸಮನಾಗಿ ಹರಡದೆ ಸಾಲುಸಾಲಾಗಿ ದಟ್ಟೈಸೀತು ಎಂಬ ಎಣಿಕೆಯೇ ಆ ಚಿತ್ರದಲ್ಲಿಲ್ಲ.

1988ರಲ್ಲಿ ಕಂಡ, ‘ಎಂಟನೇ ಒಂದು’ ಬೆರಕೆಯಲ್ಲಿ ಅತಿವಾಹಕತೆಯ ಕುಸಿತ, 1995ರಲ್ಲಿ ಟ್ರಾಂಕ್ವಾಡಾ ತಂಡ ಹಿಡಿದ ಚಾರ್ಜ್ ಸಾಲುಗಳ ಪಟ್ಟೆಗಳು ಓದುಗರಿಗೆ ಗೊತ್ತಿರುವಂಥವು. ನನ್ನ ತಕರಾರಿರುವುದು 2012ರ ಒಂದು ಗ್ರಾಫನ್ನು ಓದಿದ ರೀತಿಯ ಬಗ್ಗೆ.

ಇಟ್ರಿಯಮ್ ಬೇರಿಯಮ್ ತಾಮ್ರದ ಆಕ್ಸೈಡ್‌ನ ಹರಳು ಅದು. 67 ಕೆಲ್ವಿನ್‌ನಲ್ಲಿ ಅತಿವಾಹಕವಾಗುತ್ತದೆ. ಕ್ಷ-ಕಿರಣ ಹಾಯಿಸುತ್ತ ತಣಿಸಿದರೆ ಸುಮಾರು 135 ಕೆಲ್ವಿನ್‌ನಲ್ಲಿ ಚಾರ್ಜ್ ಅಲೆಯ ಪುಟ್ಟ ಶಿಖರ ಮೂಡುತ್ತದೆ. ತಣಿದಷ್ಟೂ ಬೆಳೆಯುತ್ತದೆ. 67ಕ್ಕೆ ಬಂದಾಗ ಇಳಿಯತೊಡಗುತ್ತದೆ, ಆದರೆ ಪೂರ್ತಿ ಅಳಿಯುವುದಿಲ್ಲ. 17 ಟೆಸ್ಲಾ ಕಾಂತಕ್ಷೇತ್ರ ಹಾಕಿ ಅತಿವಾಹಕತೆಯನ್ನು ಕುಗ್ಗಿಸಿದರೆ ಇಳಿದ ಶಿಖರ ಮತ್ತೆ ಏಳುತ್ತದೆ. 67ರ ಮೇಲೆ ಅದೇ ಕ್ಷೇತ್ರಕ್ಕೆ ಅದು ಜಗ್ಗುವುದಿಲ್ಲ.

ಪ್ರಯೋಗ ಮಾಡಿದವರು ಇದನ್ನು ‘ಪೈಪೋಟಿ’ ಎಂದು ಕರೆದರು. ಪದ ತಪ್ಪಲ್ಲ. ಆದರೆ ಆಮೇಲೆ ಬಂದ ವ್ಯಾಖ್ಯಾನಕಾರರು ಆ ಪದವನ್ನೇ ತೀರ್ಪು ಮಾಡಿಕೊಂಡು, ಅಲೆಯನ್ನು ಅತಿವಾಹಕತೆಗೆ ಅಡ್ಡಗಾಲು ಹಾಕಿದ ಹೊರಗಿನವನೆಂದು ಬದಿಗೆ ಸರಿಸಿದರು. ಗ್ರಾಫ್ ಹೇಳುವುದು ಇಷ್ಟೇ: ಒಂದೇ ಎಲೆಕ್ಟ್ರಾನ್‌ಗಳ ಮೇಲೆ ಇಬ್ಬರಿಗೂ ಹಕ್ಕಿದೆ. ದಾಯಾದಿಗಳು ಆಸ್ತಿಗೆ ಜಗಳವಾಡಿದರೆ ಅವರು ಒಂದೇ ಮನೆತನದವರೆಂಬುದಕ್ಕೆ ಅದೇ ಸಾಕ್ಷಿ.

ಹಾಗೆ ಬರೆದವರ ಮುಂದೆ 2007ರಲ್ಲೇ ಬ್ರೂಕ್‌ಹೇವನ್ ಪ್ರಯೋಗಾಲಯದ ಫಲಿತಾಂಶವಿತ್ತು. ಎಂಟನೇ ಒಂದು ಬೆರಕೆಯ ಲ್ಯಾಂಥನಮ್ ಬೇರಿಯಮ್ ತಾಮ್ರದ ಆಕ್ಸೈಡ್ ಹರಳಿನಲ್ಲಿ ಪಟ್ಟೆಗಳು ಅತಿ ಬಲವಾಗಿವೆ. ಇಡೀ ಹರಳು ಅತಿವಾಹಕವಾಗಲು ಸುಮಾರು 4 ಕೆಲ್ವಿನ್‌ವರೆಗೆ ಇಳಿಯಬೇಕು. ಆದರೆ ಪದರದ ಉದ್ದಕ್ಕೆ ಅಳೆದರೆ ನಿರೋಧ 40 ಕೆಲ್ವಿನ್ ಹತ್ತಿರವೇ ಕುಸಿಯುತ್ತದೆ. ಇದಕ್ಕೆ ಬರ್ಗ್, ಕಿವೆಲ್ಸನ್ ಮೊದಲಾದ ಸಿದ್ಧಾಂತಿಗಳು ಕೊಟ್ಟ ವಿವರಣೆಯನ್ನು ಶಂಕರಪುರಂನ ನಮ್ಮ ಹಜಾರದಲ್ಲಿ ಎರಡು ಪಟ್ಟೆ ಜಮಖಾನ ಹಾಸಿ ನೋಡಿದೆ. ಕೆಳಗಿನದರ ಪಟ್ಟೆ ಬೀದಿಬಾಗಿಲ ಕಡೆಗೆ, ಮೇಲಿನದರದ್ದು ಅಡ್ಡಕ್ಕೆ. ಹರಳಿನ ಅಕ್ಕಪಕ್ಕದ ಪದರಗಳೂ ಹೀಗೆಯೇ. ಕೆಂಪು ಪಟ್ಟೆ ಧನ, ನೀಲಿ ಋಣ ಎನ್ನಿ. ಎಲೆಕ್ಟ್ರಾನ್ ಜೋಡಿಗಳ ಅಲೆ ಪಟ್ಟೆಯಿಂದ ಪಟ್ಟೆಗೆ ಹೀಗೆ ಚಿಹ್ನೆ ಬದಲಿಸುತ್ತದೆ. ಮೇಲಿನ ಒಂದೊಂದು ಕೆಂಪು ಪಟ್ಟೆಯೂ ಕೆಳಗಿನ ಕೆಂಪನ್ನೂ ನೀಲಿಯನ್ನೂ ಸಮಸಮ ದಾಟುತ್ತದೆ. ಕೂಡಿದರೆ ಸೊನ್ನೆ. ಜೋಡಿಗಳು ಪದರದೊಳಗೆ ಸುಖವಾಗಿವೆ. ಪದರ ಪದರಗಳ ನಡುವೆ ಮಾತು ನಿಂತಿದೆ.

ಎರಡು ಹರಳುಗಳೂ ಒಂದೇ ಅಲ್ಲ, ಒಪ್ಪುತ್ತೇನೆ: ಇಟ್ರಿಯಮ್ ಹರಳಿನ ಅಲೆಯ ಜೊತೆ ಸ್ಪಿನ್ ಪಟ್ಟೆಗಳಿಲ್ಲ. ಆದರೂ ಪಟ್ಟೆಯಿದ್ದಲ್ಲಿ ಜೋಡಿ ಉಳಿಯದು ಎಂಬ ಆರೋಪಕ್ಕೆ ಲ್ಯಾಂಥನಮ್ ಬೇರಿಯಮ್ ಹರಳೊಂದರ ಸಾಕ್ಷಿಯೇ ಸಾಕಷ್ಟು ಉತ್ತರ. 1987ರ ಲೇಖನಕ್ಕೆ ನಾವು ಕೊಟ್ಟ ಮನ್ನಣೆಯಲ್ಲಿ ಅರ್ಧದಷ್ಟಾದರೂ ಈ ಹರಳಿಗೆ ಸಲ್ಲಬೇಕು. ಆ ಸಮ್ಮೇಳನ ನಡೆದ ಊರಿನವರು ಈ ಮಾತನ್ನು ಮೊದಲು ಹೇಳಬೇಕಿತ್ತು.