ಓಲೆಗರಿಯಿಂದ ಅಂತರಜಾಲಕ್ಕೆ ಬಂದ ವಚನ

ಶರಣರ ವಚನ ವಾಙ್ಮಯವು ಇಂದು ಅಂಗೈಯಲ್ಲಿಯೇ ಇದೆ. ಮೊಬೈಲು ಹಿಡಿದ ಯಾವ ಭಕ್ತನಿಗಾದರೂ ಬೇಕೆಂದ ವಚನ ಕ್ಷಣಾರ್ಧದಲ್ಲಿ ದೊರೆಯುತ್ತದೆ. ಇದು ಹರ್ಷದ ಸಂಗತಿಯೇ ಸರಿ. ಆದರೆ ಪ್ರಿಯ ವಾಚಕರೇ, ಹೀಗೆ ದೊರೆತುದೆಲ್ಲವೂ ವಚನವೇ ಎಂಬ ಪ್ರಶ್ನೆಯನ್ನು ನಾವು ಕೇಳಿಕೊಳ್ಳದಿದ್ದರೆ ಲಾಭವೆಂದುಕೊಂಡುದೇ ನಷ್ಟವಾಗಿ ಪರಿಣಮಿಸೀತು.

ಶತಮಾನಗಳ ಕಾಲ ವಚನಗಳು ಓಲೆಗರಿಗಳಲ್ಲಿ, ಮಠಗಳಲ್ಲಿಯೂ ಭಕ್ತರ ಮನೆಗಳಲ್ಲಿಯೂ ಉಳಿದುಬಂದವು. ಒಂದು ಕಟ್ಟನ್ನು ಪ್ರತಿಮಾಡಲು ಲಿಪಿಕಾರನು ದಿನಗಟ್ಟಲೆ ಶ್ರಮಿಸಬೇಕಾಗುತ್ತಿತ್ತು. ಬರೆದು ಮುಗಿಸಿದ ಮೇಲೆ, ತಪ್ಪಿದ್ದರೆ ತಿದ್ದಿ ಓದಬೇಕೆಂದು ಬಲ್ಲವರಲ್ಲಿ ಬಿನ್ನವಿಸಿಕೊಳ್ಳುವ ಪದ್ಧತಿಯೂ ಇತ್ತು. ಪ್ರತಿಗಳಲ್ಲಿ ಪಾಠಾಂತರಗಳು ನುಸುಳಿದುದು ನಿಜ. ಆದರೆ ತನ್ನ ಕೈ ತಪ್ಪಬಹುದೆಂಬ ಅರಿವು ಆ ಬಿನ್ನಹದಲ್ಲಿತ್ತು.

ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು (1880–1964) ಇಂತಹ ಓಲೆಗರಿಗಳನ್ನು ಅರಸಿ, ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನೂ 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನೂ ಆರಂಭಿಸಿದರು. ಮುಂದೆ 1993ರಲ್ಲಿ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಾಹಿತ್ಯವು 15 ಸಂಪುಟಗಳಲ್ಲಿ ಸರ್ಕಾರದಿಂದ ಪ್ರಕಟವಾಯಿತು. ಅಚ್ಚಾದ ಈ ಗ್ರಂಥಗಳ ಮೇಲೆ ಸಂಪಾದಕರ ಹೆಸರಿತ್ತು. ಪಾಠದ ಬಗ್ಗೆ ಉತ್ತರ ಹೇಳುವವರಿದ್ದರು.

ಗಣಕಯಂತ್ರದ ಉಪಕಾರವೂ ಅಲ್ಪವಲ್ಲ. ಮೊದಮೊದಲು ಒಂದು ಯಂತ್ರದಲ್ಲಿ ಬರೆದ ಕನ್ನಡವು ಅದೇ ಅಕ್ಷರ ಶೈಲಿಯಿಲ್ಲದ ಇನ್ನೊಂದರಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೋರುತ್ತಿತ್ತು. 1991ರ ಯುನಿಕೋಡ್ ಸಂಹಿತೆಯಲ್ಲಿ ಕನ್ನಡಕ್ಕೂ ಸ್ಥಾನ ದೊರೆತು, ಅದರ ಬಳಕೆ ಹಬ್ಬಿದಂತೆ ಈ ತೊಡಕು ನಿವಾರಣೆಯಾಯಿತು. ‘ವಚನ ಸಂಚಯ’ದಂತಹ ಅಂತರಜಾಲ ಯೋಜನೆಯಿಂದ, ಒಂದು ಪದವು ಯಾವ ಯಾವ ಶರಣರ ವಚನಗಳಲ್ಲಿ ಬಂದಿದೆಯೆಂದು ಹುಡುಕುವುದು ಸಾಮಾನ್ಯ ಓದುಗನಿಗೂ ಸಾಧ್ಯವಾಯಿತು.

ದೋಷವು ಬೇರೆಡೆಯಲ್ಲಿದೆ. 2009ರಲ್ಲಿ ಆರಂಭವಾದ ವಾಟ್ಸಾಪ್ ಮತ್ತು ಅಂತಹ ಸಾಧನಗಳಲ್ಲಿ ಪ್ರತಿಮಾಡುವುದಕ್ಕೆ ಶ್ರಮವೇ ಇಲ್ಲ. ಬೆರಳಿನ ಒಂದು ಸ್ಪರ್ಶ ಸಾಕು. ಯಾರೋ ಹೊಸೆದ ಹಿತೋಕ್ತಿಗೆ ‘ಕೂಡಲಸಂಗಮದೇವ’ ಎಂದು ಸೇರಿಸಿಬಿಟ್ಟರೆ ಅದು ಬಸವಣ್ಣನವರ ವಚನವೆಂದೇ ಸಂಚರಿಸುತ್ತದೆ. ನಿಜವಾದ ವಚನವಾದರೋ ಅಂಕಿತ ಕಳಚಿಕೊಂಡು, ನಡುವಿನ ಒಂದು ಸಾಲಾಗಿ ಮಾತ್ರ ಉಳಿಯುತ್ತದೆ. ಅಂಕಿತವೆಂಬುದು ಅಲಂಕಾರವಲ್ಲ; ತನ್ನ ನುಡಿಗೆ ಇಷ್ಟದೈವವನ್ನೇ ಸಾಕ್ಷಿಯಾಗಿಸಿದ ಶರಣನ ಮುದ್ರೆ. ಆಡದ ಮಾತನ್ನು ಅವರ ಬಾಯಲ್ಲಿ ಇಡುವುದು, ನಡೆ–ನುಡಿಗಳ ಏಕತೆಗಾಗಿ ಬಾಳಿದವರಿಗೆ ಬಗೆಯುವ ಅಪಚಾರ. ಯಂತ್ರವು ಸತ್ಯ–ಮಿಥ್ಯಗಳೆರಡನ್ನೂ ಒಂದೇ ವೇಗದಲ್ಲಿ ಒಯ್ಯುತ್ತದೆ. ವಿವೇಚನೆ ಅದರ ಧರ್ಮವಲ್ಲ.

ಆ ವಿವೇಚನೆಯ ಹೊಣೆ ಈಗ ಓದುಗನ ಮೇಲೆ ಬಿದ್ದಿದೆ. ಬಂದ ವಚನವನ್ನು ಇತರರಿಗೆ ಕಳುಹಿಸುವ ಮುನ್ನ ಸಂಪುಟದೊಡನೆ ಹೋಲಿಸಿ ನೋಡಿರಿ. ವಚನಕಾರರ ಹೆಸರನ್ನೂ ಅಂಕಿತವನ್ನೂ ಬಿಡದೆ ಬರೆಯಿರಿ. ಸಂದೇಹವಿದ್ದರೆ ಅಲ್ಲಿಯೇ ತಡೆಯಿರಿ. ಮಠದ ನೆರಳಿನಲ್ಲಿ ಅಕ್ಷರ ಕಲಿತ ಹಿರಿಯರು ತಮ್ಮ ಮನೆಯ ಕಿರಿಯರಿಗೆ ಈ ಪರಿಪಾಠವನ್ನು ಹೇಳಿಕೊಡಲಿ. ಓಲೆಗರಿಗಳನ್ನು ಕಾಪಾಡಿಕೊಂಡು ಬಂದಿರುವ ಮಠಗಳು ಅವುಗಳ ಛಾಯಾಪ್ರತಿಗಳನ್ನು ಶುದ್ಧಪಾಠದೊಡನೆ ಅಂತರಜಾಲದಲ್ಲಿ ಇರಿಸಲಿ. ವಚನವನ್ನು ಹಂಚುವುದೂ ದಾಸೋಹವೇ. ಆದರೆ ಕಲ್ಲು ಆರಿಸದ ಅಕ್ಕಿಯನ್ನು ಯಾವ ದಾಸೋಹದ ಮನೆಯಲ್ಲಿಯೂ ಬೇಯಿಸುವುದಿಲ್ಲ.