ಸೆರೆಮನೆಯ ಓದು: ಮೂರು ಕೃತಿಗಳನ್ನು ಕುರಿತು ಒಂದು ವಿಚಾರ

ಕಷ್ಟಕಾಲದಲ್ಲಿ ಪುಸ್ತಕವೇ ಪರಮಮಿತ್ರ ಎಂಬ ಮಾತು ಗ್ರಂಥಾಲಯಗಳ ಪ್ರಾರಂಭೋತ್ಸವಗಳಲ್ಲಿ ತಪ್ಪದೆ ಕೇಳಿಬರುತ್ತದೆ. ಮಾತು ಸುಳ್ಳೆಂದು ಯಾರೂ ಹೇಳಲಾರರು. ಆದರೆ ಬಹಳ ಕೈಗಳಲ್ಲಿ ಓಡಾಡಿ ಅದು ಎಷ್ಟು ಸವೆದಿದೆಯೆಂದರೆ, ಓದು ದುಃಖವನ್ನು ಮರೆಸುತ್ತದೆಯೆ, ಹಗುರಗೊಳಿಸುತ್ತದೆಯೆ, ಅಥವಾ ಬೇರೇನನ್ನಾದರೂ ಮಾಡುತ್ತದೆಯೆ ಎಂಬ ಪ್ರಶ್ನೆಯನ್ನೇ ನಾವು ಕೇಳಿಕೊಳ್ಳುವುದಿಲ್ಲ. ಈ ಪ್ರಶ್ನೆಯನ್ನು ಪರೀಕ್ಷಿಸಲು ಸೆರೆಮನೆಗಿಂತ ಯುಕ್ತವಾದ ಸ್ಥಳ ಮತ್ತೊಂದಿಲ್ಲ. ಅಲ್ಲಿ ಓದುಗನಿಗೆ ಕಾಲವುಂಟು, ಏಕಾಂತವುಂಟು, ದುಃಖವೂ ಉಂಟು. ಬೇಕಾದ ಪುಸ್ತಕವೊಂದೇ ಬೇಕಾದಾಗ ದೊರೆಯದು. ಆದಕಾರಣ ನಮ್ಮ ಸ್ವಾತಂತ್ರ್ಯ ಸಂಗ್ರಾಮದ ಕಾಲದಲ್ಲಿ ಸೆರೆಮನೆಯಲ್ಲಿ ಹುಟ್ಟಿದ ಮೂರು ಗ್ರಂಥಗಳನ್ನು ಈ ದೃಷ್ಟಿಯಿಂದ ನೋಡುವುದು ಪ್ರಕೃತ ಲೇಖನದ ಉದ್ದೇಶ. ತಿಲಕರ 'ಗೀತಾರಹಸ್ಯ', ನೆಹರೂ ಅವರ 'ಡಿಸ್ಕವರಿ ಆಫ್ ಇಂಡಿಯಾ', ಮೌಲಾನಾ ಆಜಾದರ 'ಘುಬಾರ್-ಎ-ಖಾತಿರ್' ಇವೇ ಆ ಮೂರು.

ಮೊದಲನೆಯದು ಪುಸ್ತಕಗಳ ನಡುವೆ ಹುಟ್ಟಿದ ಪುಸ್ತಕ. 1908ರ ಜುಲೈ ತಿಂಗಳಿನಲ್ಲಿ ರಾಜದ್ರೋಹದ ಆರೋಪದ ಮೇಲೆ ಆರು ವರ್ಷಗಳ ಶಿಕ್ಷೆಗೆ ಗುರಿಯಾದ ತಿಲಕರು ಬರ್ಮಾದ ಮಂಡಾಲೆ ಸೆರೆಮನೆಯನ್ನು ಸೇರಿದರು. 1910-11ರ ಚಳಿಗಾಲದಲ್ಲಿ, ಕೆಲವೇ ತಿಂಗಳುಗಳಲ್ಲಿ, ಪೆನ್ಸಿಲಿನಿಂದ ಮರಾಠಿಯಲ್ಲಿ ಬರೆದು ಮುಗಿಸಿದ ಕೃತಿ 'ಗೀತಾರಹಸ್ಯ'. ಅದು ಅಚ್ಚಾದದ್ದು ಬಿಡುಗಡೆಯ ಮರುವರ್ಷ, 1915ರಲ್ಲಿ. ಪುಟ ತೆರೆದೊಡನೆ ಕಾಣುವುದು ಅದರ ಹಿಂದಿರುವ ಗ್ರಂಥರಾಶಿ. ಉಪನಿಷತ್ತು, ಮಹಾಭಾರತ, ಶಾಂಕರಭಾಷ್ಯಗಳ ಜತೆಗೆ ಕ್ಯಾಂಟ್, ಗ್ರೀನ್, ಮಿಲ್, ಸ್ಪೆನ್ಸರ್ ಮೊದಲಾದವರೊಡನೆಯೂ ಗ್ರಂಥಕಾರರು ವಾದ ಹೂಡುತ್ತಾರೆ. ಇಲ್ಲಿ ಗಮನಿಸತಕ್ಕ ವೈಚಿತ್ರ್ಯವೊಂದಿದೆ. ಕರ್ಮಕ್ಕೆ ಅವಕಾಶವೇ ಇಲ್ಲದಂತೆ ಕೈಕಟ್ಟಿ ಕೂರಿಸಿದ ಸ್ಥಳದಲ್ಲಿ ಕೂತು ಒಬ್ಬ ಮನುಷ್ಯ ಕರ್ಮಯೋಗವೇ ಗೀತೆಯ ಸಾರವೆಂದು ನೂರಾರು ಪುಟಗಳಲ್ಲಿ ಸ್ಥಾಪಿಸಿದನು. ತನ್ನ ಸ್ಥಿತಿಯನ್ನು ಮರೆಯಲು ಓದುವವನು ಹೀಗೆ ಬರೆಯಲಾರನು. ಸಂನ್ಯಾಸವನ್ನು ಎತ್ತಿಹಿಡಿಯುವ ವ್ಯಾಖ್ಯಾನ ಸೆರೆಯವನಿಗೆ ಎಷ್ಟು ಸುಲಭದ ಸಮಾಧಾನವಾಗಬಹುದಿತ್ತು! ತಿಲಕರು ಆ ಸಮಾಧಾನವನ್ನು ತಿರಸ್ಕರಿಸಿದರೆಂಬುದೇ ಗ್ರಂಥದ ಬಲ. ಅದು ಗೀತೆಯ ಸಮಗ್ರ ಅರ್ಥವೆ ಎಂಬ ವಿವಾದ ಬೇರೆ. ವಾದಿಯು ಪ್ರತಿವಾದಿಗಳಿಗೆ ನ್ಯಾಯವಾದ ಅವಕಾಶವನ್ನು ಎಲ್ಲೆಡೆಯೂ ಕೊಟ್ಟಿಲ್ಲವೆಂದು ಹೇಳುವವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಆಲೂರು ವೆಂಕಟರಾಯರು ಇದನ್ನು ಕನ್ನಡಕ್ಕೆ ತಂದುದರಿಂದ ಮಂಡಾಲೆಯ ಓದಿನ ಫಲ ಕನ್ನಡಿಗರಿಗೂ ದೊರಕಿತು.

ಎರಡನೆಯದು ಟಿಪ್ಪಣಿಗಳಿಂದಲೂ ಗೆಳೆಯರಿಂದಲೂ ಹುಟ್ಟಿದ ಪುಸ್ತಕ. ಇದನ್ನರಿಯಲು ನೆಹರೂ ಅವರ ಹಿಂದಿನ ಕೃತಿಯೊಂದನ್ನು ನೆನೆಯಬೇಕು. 1930ರ ಅಕ್ಟೋಬರಿನಿಂದ 1933ರ ಆಗಸ್ಟಿನವರೆಗೆ ಅವರು ಮಗಳಿಗೆ ಬರೆದ ಪತ್ರಗಳೇ 'ಗ್ಲಿಂಪ್ಸಸ್ ಆಫ್ ವರ್ಲ್ಡ್ ಹಿಸ್ಟರಿ'. ಸೆರೆಮನೆಗೆ ಬಂದ ಪುಸ್ತಕಗಳು ಅಲ್ಲಿ ನಿಲ್ಲದೆ ಹಿಂತಿರುಗಬೇಕಾಗುತ್ತಿದ್ದುದರಿಂದ, ಓದಿದುದನ್ನೆಲ್ಲ ಗುರುತುಹಾಕಿಕೊಳ್ಳುವ ಅಭ್ಯಾಸ ತಮಗೆ ಬೆಳೆಯಿತೆಂದೂ ಆ ಟಿಪ್ಪಣಿ ಪುಸ್ತಕಗಳೇ ಬರೆಯುವಾಗ ಒದಗಿದವೆಂದೂ ಅದರ ಮುನ್ನುಡಿಯಲ್ಲಿ ಅವರು ತಿಳಿಸಿದ್ದಾರೆ. ಕಪಾಟಿಲ್ಲದವನು ಹೊತ್ತು ತಿರುಗಿದ ಗ್ರಂಥಾಲಯವದು. ಮುಂದೆ 1942ರ ಆಗಸ್ಟ್ 9ರಂದು ಬಂಧಿತರಾಗಿ ಅಹಮದ್‌ನಗರದ ಕೋಟೆಯಲ್ಲಿದ್ದಾಗ, 1944ರ ಏಪ್ರಿಲಿನಿಂದ ಸೆಪ್ಟೆಂಬರಿನವರೆಗಿನ ಐದು ತಿಂಗಳಲ್ಲಿ, ಸುಮಾರು ಸಾವಿರ ಪುಟಗಳ ಕೈಬರಹವಾಗಿ 'ಡಿಸ್ಕವರಿ' ಸಿದ್ಧವಾಯಿತು. ಇಲ್ಲಿ ಅವರು ಕೃತಜ್ಞತೆಯಿಂದ ಸ್ಮರಿಸುವುದು ಸಹಬಂದಿಗಳಾದ ಆಜಾದ್, ಗೋವಿಂದ ವಲ್ಲಭ ಪಂತ್, ನರೇಂದ್ರ ದೇವ, ಅಸಫ್ ಅಲಿ ಇವರನ್ನು. ಒಬ್ಬೊಬ್ಬ ವಿದ್ವಾಂಸನೂ ಒಂದೊಂದು ಶಾಸ್ತ್ರದ ಕಪಾಟಿನಂತೆ ಆ ಕೋಟೆಯಲ್ಲಿದ್ದನು. ವಿಮರ್ಶಕನ ದೃಷ್ಟಿಯಿಂದ ಹೇಳುವುದಾದರೆ, ಗ್ರಂಥದಲ್ಲಿ ಇತಿಹಾಸದ ದೀರ್ಘ ಸಮೀಕ್ಷೆಗಳು ಕೆಲವೆಡೆ ಶಿಥಿಲವಾಗಿವೆ. 1936ರಲ್ಲಿ ಲೊಸಾನ್ ನಗರದಲ್ಲಿ ತೀರಿಕೊಂಡ ಪತ್ನಿ ಕಮಲಾ ಅವರ ನೆನಪು ಬರುವ ಆರಂಭದ ಪ್ರಕರಣವಾದರೋ ಹಾಗಿಲ್ಲ. ಒಬ್ಬ ವ್ಯಕ್ತಿಯನ್ನು ಪೂರ್ತಿಯಾಗಿ ಅರಿಯದೆಯೇ ಕಳೆದುಕೊಂಡ ವ್ಯಥೆಯಿಂದ ಒಂದು ದೇಶವನ್ನು ಅರಿಯುವ ಹಂಬಲದತ್ತ ಓದುಗನು ಸಾಗುತ್ತಾನೆ. ಈ ಎರಡರ ಸಂಬಂಧ ಆಕಸ್ಮಿಕವಲ್ಲವೆಂದು ನನ್ನ ಅಭಿಪ್ರಾಯ.

ಮೂರನೆಯದು ಕೇವಲ ನೆನಪಿನಿಂದ ಹುಟ್ಟಿದ ಪುಸ್ತಕವೆನ್ನಬಹುದು. ಅದೇ ಕೋಟೆಯಲ್ಲಿ ಆಜಾದರು ಮಿತ್ರ ಹಬೀಬುರ್ ರಹಮಾನ್ ಖಾನ್ ಶೇರವಾನಿ ಅವರನ್ನು ಉದ್ದೇಶಿಸಿ, ಅಂಚೆಗೆ ಹಾಕಲಾಗದೆಂದು ತಿಳಿದೂ, ಬರೆದ ಉರ್ದು ಪತ್ರಗಳು 1946ರಲ್ಲಿ ಪ್ರಕಟವಾದವು. ಹೆಸರಿನ ಅರ್ಥ 'ಮನಸ್ಸಿನ ಧೂಳು'. ರಾಜಕೀಯ ಅಲ್ಲಿ ಬಹುಮಟ್ಟಿಗೆ ಇಲ್ಲ. ಚೀನಾದ ಚಹಾ, ಕೋಣೆಗೆ ನುಗ್ಗುವ ಗುಬ್ಬಚ್ಚಿಗಳು, ದೇವರು, ಸಂಗೀತ ಇವು ವಸ್ತು. ಪುಟಪುಟದಲ್ಲಿಯೂ ಪಾರಸಿ, ಅರಬ್ಬಿ, ಉರ್ದು ಪದ್ಯಗಳು ಉಕ್ಕಿಬರುತ್ತವೆ. ಸಾಹಿತ್ಯ ಅಕಾಡೆಮಿಗಾಗಿ ಇದನ್ನು ಸಂಪಾದಿಸಿದ ಮಾಲಿಕ್ ರಾಮ್ ಅವರು ಆ ಪದ್ಯಗಳ ಮೂಲಗಳನ್ನು ಹುಡುಕಿ ಟಿಪ್ಪಣಿ ಬರೆದಿದ್ದಾರೆ. ಮೂಲಕ್ಕೂ ಉದ್ಧೃತಿಗೂ ಅಲ್ಲಲ್ಲಿ ಪಾಠಭೇದವುಂಟು. ಅದನ್ನು ದೋಷವೆಂದು ಎಣಿಸಬೇಕಾಗಿಲ್ಲ. ನೆನಪಿನ ಭಂಡಾರದಲ್ಲಿ ಬಹುಕಾಲವಿದ್ದ ಪದ್ಯ ಇಟ್ಟುಕೊಂಡವನ ಸ್ವತ್ತಾಗುತ್ತದೆ.

ಈ ಕೃತಿಯ ಒಂದು ಪತ್ರವನ್ನು ವಿಶೇಷವಾಗಿ ಹೇಳಬೇಕು. 1943ರ ಏಪ್ರಿಲಿನಲ್ಲಿ ಆಜಾದರ ಪತ್ನಿ ಜುಲೈಖಾ ಬೇಗಂ ಕಲಕತ್ತೆಯಲ್ಲಿ ತೀರಿಕೊಂಡರು. ಪತಿ ಕೋಟೆಯಲ್ಲಿಯೇ ಇದ್ದರು. ಕಾಯಿಲೆಯ ಸುದ್ದಿ ಬರುತ್ತಿದ್ದ ದಿನಗಳಲ್ಲಿಯೂ ತಮ್ಮ ದಿನಚರಿಯನ್ನು ಬದಲಿಸದಿರಲು ಪಟ್ಟ ಪ್ರಯತ್ನವನ್ನು ಅವರು ವರ್ಣಿಸುತ್ತಾರೆ. ಅನಂತರ, ಹೊರಗೆ ಕಂಡ ಆ ಶಾಂತಿ ಒಂದು ಪಾತ್ರಾಭಿನಯವಾಗಿತ್ತೆಂದು ತಾವಾಗಿಯೇ ಒಪ್ಪಿಕೊಳ್ಳುತ್ತಾರೆ. ಜೀವಮಾನವಿಡೀ ಓದಿದ ವಿದ್ವಾಂಸನ ಈ ತಪ್ಪೊಪ್ಪಿಗೆ ನಮ್ಮ ಪ್ರಶ್ನೆಗೆ ದೊರೆಯುವ ಅತ್ಯಂತ ಪ್ರಾಮಾಣಿಕವಾದ ಉತ್ತರ. ಓದು ದುಃಖವನ್ನು ಮರೆಸಲಿಲ್ಲ, ಹಗುರಗೊಳಿಸಲೂ ಇಲ್ಲ. ದುಃಖದ ಎದುರಿಗೆ ತನಗೆ ತಾನೇ ಸುಳ್ಳು ಹೇಳಿಕೊಳ್ಳದಿರುವ ಭಾಷೆಯನ್ನು ಮಾತ್ರ ಕೊಟ್ಟಿತು. ತಿಲಕರ ಪತ್ನಿ ಸತ್ಯಭಾಮಾಬಾಯಿಯವರೂ 1912ರಲ್ಲಿ, ಅವರು ಮಂಡಾಲೆಯಲ್ಲಿದ್ದಾಗಲೇ, ತೀರಿಕೊಂಡರೆಂಬುದನ್ನು ನೆನೆದರೆ ಈ ಮೂವರ ಓದಿನ ಬೆಲೆ ಎಷ್ಟೆಂಬುದು ಮನಸ್ಸಿಗೆ ನಾಟುತ್ತದೆ.

ಇಲ್ಲಿ ಒಂದು ಆಕ್ಷೇಪಕ್ಕೆ ಎಡೆಯುಂಟು. ಈ ಮೂವರೂ ಮುಂದಾಳುಗಳು. ಅವರಿಗೆ ದೊರೆತ ಪುಸ್ತಕ, ಕಾಗದ, ಬಿಡುವು ಸಾಮಾನ್ಯ ಕೈದಿಗೆ ದೊರೆಯಲಿಲ್ಲ. ಆಕ್ಷೇಪ ಯುಕ್ತವಾದುದೇ. ಆದರೆ ಅದರಿಂದ ಹೊರಡುವ ತೀರ್ಮಾನ ಓದಿಗೆ ವಿರುದ್ಧವಾದುದಲ್ಲ, ಗ್ರಂಥಾಲಯಕ್ಕೆ ಅನುಕೂಲವಾದುದು. ಕೆಲವರ ಭಾಗ್ಯವಾಗಿದ್ದುದನ್ನು ಎಲ್ಲರ ಹಕ್ಕಾಗಿ ಮಾಡುವುದಕ್ಕೇ ಸಾರ್ವಜನಿಕ ಗ್ರಂಥಾಲಯವಿರುವುದು. ನಮ್ಮ ರಾಜ್ಯ 1965ರಲ್ಲಿ ಸಾರ್ವಜನಿಕ ಗ್ರಂಥಾಲಯಗಳಿಗಾಗಿ ಶಾಸನವನ್ನು ಮಾಡಿಕೊಂಡುದರ ಹಿಂದಿನ ತತ್ತ್ವವೂ ಇದೇ ಎನ್ನಬೇಕು.

2020ರ ಮಾರ್ಚಿನಲ್ಲಿ ಸಾಂಕ್ರಾಮಿಕದ ದೆಸೆಯಿಂದ ದೇಶವೇ ಬಾಗಿಲು ಹಾಕಿಕೊಂಡಾಗ ಗ್ರಂಥಾಲಯಗಳೂ ಮುಚ್ಚಿದವು. ಮನೆಯಲ್ಲಿ ಸುಖವಾಗಿ ಕುಳಿತವರ ಸ್ಥಿತಿಯನ್ನು ಮಂಡಾಲೆಗೆ ಹೋಲಿಸುವುದು ಅವಿವೇಕ. ಆದರೂ ನನಗೆ ಆಗ ಒಂದು ಸಂಗತಿ ಸ್ಪಷ್ಟವಾಯಿತು. ಎರವಲು ತಂದು ಹಿಂತಿರುಗಿಸಿದ್ದ ಎಷ್ಟೋ ಗ್ರಂಥಗಳಲ್ಲಿ ಟಿಪ್ಪಣಿ ಮಾಡಿಕೊಂಡವೂ ಮನಸ್ಸಿಟ್ಟು ಓದಿದವೂ ಮಾತ್ರ ನನ್ನೊಡನೆ ಉಳಿದಿದ್ದವು. ಉಳಿದವು ಬೀಗದ ಆಚೆ ಇದ್ದವು. ನೆಹರೂ ಅವರ ಟಿಪ್ಪಣಿ ಪುಸ್ತಕಗಳ ಅರ್ಥ ಅಂದು ತಿಳಿಯಿತು.

ಆದ್ದರಿಂದ ಕಷ್ಟಕಾಲದ ಓದು ಬಹುಮಟ್ಟಿಗೆ ಸುಖಕಾಲದಲ್ಲಿ ನಡೆದ ಓದೇ ಆಗಿರುತ್ತದೆ ಎಂದು ಹೇಳಬಹುದು. ತಿಲಕರು ಮಂಡಾಲೆಗೆ ಹೋಗಿ ಸಂಸ್ಕೃತ ಕಲಿಯಲಿಲ್ಲ. ಆಜಾದರು ಅಹಮದ್‌ನಗರದಲ್ಲಿ ಪಾರಸಿ ಕಾವ್ಯವನ್ನು ಮೊದಲುಮಾಡಲಿಲ್ಲ. ಬರಗಾಲಕ್ಕೆಂದು ಹಗೇವಿನಲ್ಲಿ ಜೋಳ ತುಂಬಿಡುತ್ತಿದ್ದ ನಮ್ಮ ಹಿರಿಯರ ವಿವೇಕವೇ ಇಲ್ಲಿಯೂ ಬೇಕಾದುದು. ಇಂದು ವಾಚನಾಲಯದ ಮೇಜಿನ ಮುಂದೆ, ಯಾವ ತೊಂದರೆಯೂ ಇಲ್ಲದೆ, ಪರೀಕ್ಷೆಯ ಅಗತ್ಯವೂ ಇಲ್ಲದೆ ಒಂದು ಪುಸ್ತಕವನ್ನು ಓದುತ್ತಿರುವ ವಿದ್ಯಾರ್ಥಿಯನ್ನು ಕಂಡು ಕಾಲಹರಣವೆಂದು ಯಾರೂ ಬಗೆಯದಿರಲಿ. ಅವನಿಗೆ ಅದು ಎಂದು ಬೇಕಾದೀತೆಂಬುದು ಅವನಿಗೂ ತಿಳಿಯದು.