ಶಟರ್ ಇಳಿದ ಪೇಟೆಯಲ್ಲಿ ಏನು ನೋಡ್ತೀರಿ?

ಬೆಂಗಳೂರಿನ ಹಳೇ ಪೇಟೆ ತೋರಿಸೋ ಹೆರಿಟೇಜ್ ವಾಕ್‌ಗಳು ಈಗ ಬೇಕಾದಷ್ಟಿವೆ. ನಾನೂ ಮೂರ್ನಾಲ್ಕಕ್ಕೆ ಹೋಗಿ ಬಂದಿದ್ದೀನಿ. ಹೆಚ್ಚುಕಮ್ಮಿ ಎಲ್ಲದಕ್ಕೂ ಒಂದೇ ಸಿಲಬಸ್. ಭಾನುವಾರ ಬೆಳಗ್ಗೆ ಏಳಕ್ಕೆ ಕೆ.ಆರ್. ಮಾರ್ಕೆಟ್ ಹತ್ತಿರ ಸೇರೋದು. ಕೋಟೆ ಬಾಗಿಲು, ಟಿಪ್ಪುವಿನ ಬೇಸಿಗೆ ಅರಮನೆ, ಕೋಟೆ ವೆಂಕಟರಮಣ ದೇವಸ್ಥಾನ, ಅವೆನ್ಯೂ ರಸ್ತೆಯ ರೈಸ್ ಮೆಮೋರಿಯಲ್ ಚರ್ಚ್, ಚಿಕ್ಕಪೇಟೆಯ ಮೋಹನ್ ಬಿಲ್ಡಿಂಗ್, ಕೊನೆಗೆ ದೋಸೆ, ಕಾಫಿ. ಹತ್ತು ಗಂಟೆಗೆ ಎಲ್ಲರೂ ಮನೆಗೆ.

ನಡೆಸೋರಿಗೆ ಶ್ರದ್ಧೆ ಇದೆ, ಓದಿಕೊಂಡೂ ಬಂದಿರ್ತಾರೆ. ನನ್ನ ತಕರಾರು ಅವರು ಆರಿಸಿಕೊಳ್ಳೋ ಹೊತ್ತಿನ ಬಗ್ಗೆ. ಆ ಹೊತ್ತಿಗೆ ಪೇಟೆಯ ಬಹುಪಾಲು ಶಟರ್ ಇಳಿದಿರುತ್ತೆ. ಜನ ಇರಲ್ಲ, ಫೋಟೋಗೆ ಯಾರೂ ಅಡ್ಡ ಬರಲ್ಲ ಅಂತಲೇ ಆ ಸಮಯ ಇಟ್ಟುಕೊಳ್ತಾರೆ. ವ್ಯಾಪಾರಕ್ಕೆ ಅಂತ ಹುಟ್ಟಿದ ಊರನ್ನ ವ್ಯಾಪಾರ ನಿಂತಿರೋವಾಗ ನೋಡೋದು ಅಂದ್ರೆ, ಜಾತ್ರೆ ಮುಗಿದ ಮಾರನೇ ದಿನ ಬಂದು ತೇರಿನ ಗಾಲಿ ಅಳೆದ ಹಾಗೆ.

ನಾನು ಬೆಳೆದ ಹಳ್ಳಿಯಲ್ಲಿ "ಪೇಟೆಗೆ ಹೋಗಿ ಬರ್ತೀನಿ" ಅಂದ್ರೆ ಏನೋ ಮಾರೋಕೋ ತರೋಕೋ ಹೋಗ್ತಾ ಇದ್ದಾರೆ ಅಂತ ಅರ್ಥ. ಮನೆಯಲ್ಲಿ ಮದುವೆ ಗೊತ್ತಾದರೆ ಸೀರೆಗೆ ಚಿಕ್ಕಪೇಟೆ, ಲಗ್ನಪತ್ರಿಕೆಗೆ ಸುಲ್ತಾನ್‌ಪೇಟೆ. ಪಟ್ಟಿ ಹಿಡಿದುಕೊಂಡು ಬೆಳಗಿನ ಬಸ್ಸು ಹತ್ತಿದರೆ ವಾಪಸ್ ಬರೋದು ರಾತ್ರಿಗೇ. ನಮ್ಮ ದೊಡ್ಡಮ್ಮಂದಿರು ಟಿಪ್ಪು ಅರಮನೆ ನೋಡಿದವರಲ್ಲ, ಆದರೆ ಯಾವ ಗಲ್ಲಿಯಲ್ಲಿ ಯಾವ ಜರಿ ಸಿಗುತ್ತೆ ಅಂತ ಕಣ್ಣು ಮುಚ್ಚಿ ಹೇಳ್ತಿದ್ದರು. ಪೇಟೆಯ ಹೆಗ್ಗುರುತು ಯಾವುದು ಅಂತ ಅವರನ್ನ ಕೇಳಿದ್ರೆ ಪಟ್ಟಿ ಬೇರೆಯೇ ಆಗಿರುತ್ತಿತ್ತು. ಆ ಪಟ್ಟಿಗೂ ಹೆರಿಟೇಜ್ ಅನ್ನೋ ಮಾತಿನಲ್ಲಿ ಜಾಗ ಇರಬೇಕು ಅನ್ನೋದು ನನ್ನ ವಾದ.

ಮೊದಲು ಗೈಡ್ ಹೇಳೋ ಕತೆಯನ್ನೇ ತಗೊಳ್ಳಿ. 1537ರಲ್ಲಿ ಕೆಂಪೇಗೌಡರು ದೊಡ್ಡಪೇಟೆ, ಚಿಕ್ಕಪೇಟೆ ಕೂಡುವಲ್ಲಿ ಎತ್ತುಗಳನ್ನ ಕಟ್ಟಿಸಿ ನಾಲ್ಕು ದಿಕ್ಕಿಗೆ ನೇಗಿಲು ಹೊಡೆಸಿದರು ಅಂತ. ಆ ದೊಡ್ಡಪೇಟೆಯೇ ಇವತ್ತಿನ ಅವೆನ್ಯೂ ರಸ್ತೆ. ಕತೆ ಚೆನ್ನಾಗಿದೆ, ಆದರೆ ಎತ್ತಿನ ಜೊತೆ ಅದೂ ನಿಂತುಬಿಡುತ್ತೆ. ಆಮೇಲೆ ಆ ಗೆರೆಗಳ ನಡುವೆ ಯಾರು ಬಂದು ಕೂತರು? ಹೆಸರುಗಳೇ ಹೇಳ್ತವೆ. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ ಸರಕಿನ ಹೆಸರು. ಗಾಣಿಗರಪೇಟೆ, ಕುಂಬಾರಪೇಟೆ, ಉಪ್ಪಾರಪೇಟೆ, ಗೊಲ್ಲರಪೇಟೆ, ತಿಗಳರಪೇಟೆ ಜಾತಿಯ ಹೆಸರು. ಈ ಊರಿನ ಪ್ಲಾನಿಂಗ್ ನಡೆದದ್ದೇ ಕಸುಬು ಮತ್ತು ಜಾತಿಯ ಲೆಕ್ಕದಲ್ಲಿ. ವಾಕ್‌ಗಳಲ್ಲಿ ಈ ಹೆಸರುಗಳನ್ನ ಪದ್ಯದ ಹಾಗೆ ಹೇಳಿಸ್ತಾರೆ, ನಾವೂ ನಕ್ಕು ರಿಪೀಟ್ ಮಾಡ್ತೀವಿ. ಯಾರಿಗೆ ಯಾವ ಬೀದಿ ಸಿಕ್ಕಿತು, ಯಾರು ಯಾವ ಬೀದಿಗೆ ಕಾಲಿಡೋ ಹಾಗಿರಲಿಲ್ಲ ಅನ್ನೋ ಪ್ರಶ್ನೆ ಮಾತ್ರ ಬರೋದಿಲ್ಲ. ಇತಿಹಾಸಕ್ಕೆ ಸಕ್ಕರೆ ಬೆರೆಸೋದು ಇಲ್ಲಿಂದಲೇ ಶುರು.

ಇನ್ನೊಂದು ಸಕ್ಕರೆ ಮಾತು, "ಏಷ್ಯಾದಲ್ಲೇ ಮೊದಲು". 1905ರ ಆಗಸ್ಟ್ 5ರಂದು ಈಗಿನ ಕೆ.ಆರ್. ಮಾರ್ಕೆಟ್ ಹತ್ತಿರ ಬೆಂಗಳೂರಿನ ವಿದ್ಯುತ್ ಬೀದಿದೀಪ ಹತ್ತಿತು. ಇದು ನಿಜ. ಏಷ್ಯಾದಲ್ಲೇ ಮೊದಲು ಅನ್ನೋದು ಸುಳ್ಳು. ಶಾಂಘೈನಲ್ಲಿ 1882ರಲ್ಲೇ ವಿದ್ಯುತ್ ದೀಪ ಉರಿದಿತ್ತು. ವಾಟ್ಸ್ಯಾಪ್‌ನಲ್ಲಿ ಈ ಫಾರ್ವರ್ಡ್ ಎಷ್ಟು ಸಲ ಬಂದಿದೆಯೋ ಲೆಕ್ಕ ಇಲ್ಲ. ಬೇಜಾರಿನ ವಿಷಯ ಅಂದ್ರೆ, ಸುಳ್ಳಿಗಿಂತ ನಿಜ ಕತೆಯೇ ದೊಡ್ಡದು. ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಉತ್ಪಾದನೆ ಶುರುವಾದಾಗ ಅದು ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. ಊರಿನ ಬೀದಿಗೆ ಬೆಳಕು ಬರೋಕೆ ಇನ್ನೂ ಮೂರು ವರ್ಷ ಬೇಕಾಯ್ತು. ಕಂಪನಿಗೆ ಮೊದಲು, ಜನಕ್ಕೆ ಆಮೇಲೆ. ವೈಟ್‌ಫೀಲ್ಡಿನಲ್ಲಿ ಟ್ಯಾಂಕರ್ ನೀರಿಗೆ ಕಾಯೋ ನಮಗೆ ಈ ಕತೆ ಬೇಗ ಅರ್ಥ ಆಗಬೇಕಿತ್ತು.

ಯುದ್ಧದ ಭಾಗಕ್ಕೆ ಎಲ್ಲ ವಾಕ್‌ಗಳಲ್ಲೂ ಧಾರಾಳವಾಗಿ ಸಮಯ ಸಿಗುತ್ತೆ, ಹಾಗಾಗಿ ನಾನು ಬೇಗ ದಾಟ್ತೀನಿ. ಹೈದರ್ ಕಲ್ಲಿನಲ್ಲಿ ಕಟ್ಟಿಸಿದ ಕೋಟೆಯನ್ನ ಕಾರ್ನ್‌ವಾಲಿಸ್ ಸೈನ್ಯ 1791ರ ಮಾರ್ಚ್ 21ರಂದು ಒಡೆದು ನುಗ್ಗಿತು. ಆ ಜಾಗದಲ್ಲಿ ಫಲಕ ಇದೆ. ಅದಕ್ಕೆ ಎರಡು ವಾರ ಮುಂಚೆ, ಮಾರ್ಚ್ 7ರಂದು, ಅದೇ ಸೈನ್ಯ ಪೇಟೆಗೆ ನುಗ್ಗಿತ್ತು. ಮನೆ, ಅಂಗಡಿ, ಮಗ್ಗ ಇದ್ದದ್ದು ಅಲ್ಲಿ. ಕೋಟೆಯ ದಿನ ಎಲ್ಲರ ಬಾಯಲ್ಲಿದೆ, ಪೇಟೆಯ ದಿನವನ್ನ ನಾನು ಹೋದ ಯಾವ ವಾಕ್‌ನಲ್ಲೂ ಯಾರೂ ಎತ್ತಲಿಲ್ಲ.

ನನ್ನ ಪ್ರಕಾರ ಪೇಟೆಯ ಇತಿಹಾಸದಲ್ಲಿ ನಿಜವಾದ ತಿರುವು 1898ರ ಪ್ಲೇಗು. ಇಕ್ಕಟ್ಟಾದ ಗಲ್ಲಿಗಳು ರೋಗದ ಮನೆ ಅನ್ನಿಸಿಕೊಂಡವು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಶುರುವಾಗಿದ್ದು ಆಗಲೇ. ಅನುಕೂಲ ಇದ್ದವರು ಗಾಳಿ ಬೆಳಕು ಇರೋ ಕಡೆ ಹೋದರು, ಇಲ್ಲದವರು ಗಲ್ಲಿಯಲ್ಲೇ ಉಳಿದರು. ಈಗ ಗಮನಿಸಿ, "ಹಳೇ ಬೆಂಗಳೂರು" ಅಂತ ನಾವು ಕಣ್ಣಲ್ಲಿ ನೀರು ತಂದುಕೊಳ್ಳೋ ಚಿತ್ರ ಯಾವುದು? ಹೆಂಚಿನ ಮನೆ, ಮುಂದೆ ಕಾಂಪೌಂಡು, ಸಂಪಿಗೆ ಮರ, ಸಂಜೆ ಫಿಲ್ಟರ್ ಕಾಫಿ. ಅದು ಹೊಸ ಬಡಾವಣೆಗಳ ಚಿತ್ರ. ಅದಕ್ಕೆ ವಯಸ್ಸು ನೂರಾ ಇಪ್ಪತ್ತು ಚಿಲ್ಲರೆ ವರ್ಷ. ಅದಕ್ಕಿಂತ ಮೂರೂವರೆ ಶತಮಾನ ಹಿರಿಯದಾದ ಪೇಟೆ ನಮ್ಮ ಭಾಷೆಯಲ್ಲಿ "ಕಂಜೆಸ್ಟೆಡ್ ಏರಿಯಾ".

ಅಲ್ಲೇ ಉಳಿದವರು ಊರಿನ ನೆನಪನ್ನ ಹೇಗೆ ಇಟ್ಟುಕೊಂಡಿದ್ದಾರೆ ಅಂತ ನೋಡಬೇಕು ಅಂದ್ರೆ ಕರಗಕ್ಕೆ ಹೋಗಬೇಕು. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಡೋ ಕರಗ ಬೆಳಗಿನ ತನಕ ಪೇಟೆಗಳನ್ನ ಸುತ್ತುತ್ತೆ, ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗುತ್ತೆ. ನಾವು ದರ್ಗಾದ ಫೋಟೋ ಹಾಕಿ "ಸೌಹಾರ್ದ" ಅಂತ ಕ್ಯಾಪ್ಶನ್ ಕೊಟ್ಟು ಮುಗಿಸ್ತೀವಿ. ನನಗೆ ಆ ದಾರಿಯೇ ಮುಖ್ಯ ಅನ್ನಿಸುತ್ತೆ. ಪ್ರತಿ ವರ್ಷ ಕಾಲಲ್ಲಿ ನಡೆದು ಪೇಟೆಯ ನಕ್ಷೆಯನ್ನ ಹೊಸದಾಗಿ ಬರೆಯೋ ಕೆಲಸ ಅದು. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಸ್ಟೇಡಿಯಂ ಬಂದು ಎಷ್ಟೋ ಕಾಲ ಆಯ್ತು. ಕೆರೆಯದು ಅಂತ ಉಳಿದಿರೋ ಸಣ್ಣ ನೀರಿನ ಜಾಗವನ್ನ ಕರಗದವರು ಇನ್ನೂ ಬಿಟ್ಟುಕೊಟ್ಟಿಲ್ಲ. ಈ ಹೆಗ್ಗುರುತಿಗೆ ಫಲಕ ಹೊಡೆಯೋಕೆ ಗೋಡೆಯೇ ಇಲ್ಲ.

ಕಸುಬೂ ಹಾಗೇ. ಬಿ.ಇ. ಮಾಡಿದ ನಮ್ಮಲ್ಲಿ ಎಷ್ಟೋ ಜನ ಪ್ರಾಜೆಕ್ಟ್‌ಗೆ ಬೇಕಾದ ಬೋರ್ಡು, ಸೆನ್ಸರ್, ವೈರು ತಂದಿದ್ದು ಎಸ್.ಪಿ. ರಸ್ತೆಯಿಂದ. ಒಂದೇ ಸಾಮಾನು ಮಾರೋ ಅಂಗಡಿಗಳು ಸಾಲಾಗಿ ಯಾಕಿವೆ ಅಂತ ಆಗ ಆಶ್ಚರ್ಯ ಆಗ್ತಿತ್ತು. ಅದರಲ್ಲೇ ಪೇಟೆಯ ಗುಟ್ಟಿದೆ. ಒಂದು ಅಂಗಡಿಯಲ್ಲಿ ಇಲ್ಲದಿದ್ದರೆ ಹುಡುಗ ಪಕ್ಕದ ಅಂಗಡಿಗೆ ಓಡಿ ತಂದುಕೊಡ್ತಾನೆ. ರೇಟು ನಾಲ್ಕು ಹೆಜ್ಜೆಯಲ್ಲಿ ಗೊತ್ತಾಗುತ್ತೆ. ಹಳೇ ಗಿರಾಕಿಗೆ ಸಾಲ ಉಂಟು. ಅಷ್ಟು ಸಣ್ಣ ಜಾಗಕ್ಕೆ ಅಷ್ಟು ಸರಕು ತಲುಪೋದು ಹಮಾಲರ ತಲೆ ಮೇಲೆ, ಕೈಗಾಡಿಯಲ್ಲಿ. ಗಲ್ಲಿ ಇಕ್ಕಟ್ಟು ಇರೋದರಿಂದಲೇ ಎದುರುಬದುರು ಅಂಗಡಿಯವರು ಮಾತಾಡಿಕೊಂಡು ವ್ಯಾಪಾರ ಮಾಡ್ತಾರೆ. ನಾವು ಆಫೀಸಿನಲ್ಲಿ ಹಳೇ ಸಿಸ್ಟಮ್‌ಗೆ ಕೈ ಹಾಕೋ ಮುಂಚೆ ಯಾವುದು ಯಾವುದಕ್ಕೆ ಅಂಟಿಕೊಂಡಿದೆ ಅಂತ ಹತ್ತು ಸಲ ನೋಡ್ತೀವಿ. ಪೇಟೆಗೆ ಮಾತ್ರ ಆ ಮರ್ಯಾದೆ ಸಿಗಲ್ಲ. ಅವೆನ್ಯೂ ರಸ್ತೆ ಅಗಲ ಮಾಡೋ ಮಾತು ಎಷ್ಟೋ ವರ್ಷದಿಂದ ಬಂದು ಹೋಗ್ತಾ ಇದೆ. ಹನ್ನೆರಡು ಅಡಿ ಆಳದ ಅಂಗಡಿಯಲ್ಲಿ ಮುಂದಿನ ಎಂಟು ಅಡಿ ರಸ್ತೆಗೆ ಹೋದರೆ ಉಳಿಯೋದು ಹಿಂದಿನ ಗೋಡೆ ಮಾತ್ರ. 2017ರಲ್ಲಿ ಚಿಕ್ಕಪೇಟೆಗೆ ಮೆಟ್ರೋ ಬಂತು, ಸುರಂಗದಲ್ಲಿ. ಜನರನ್ನ ತರೋಕೆ ಗಲ್ಲಿಗಳನ್ನೆಲ್ಲ ಕೆಡವಲೇಬೇಕು ಅಂತಿಲ್ಲ ಅನ್ನೋದಕ್ಕೆ ಸಾಕ್ಷಿ ಕಣ್ಣೆದುರಿಗಿದೆ.

ಕಟ್ಟಡಗಳ ಪಟ್ಟಿ ಮಾತ್ರ ಹಿಡಿದು ಹೊರಟರೆ ಆಗೋ ನಷ್ಟ ಇದು. ಮೋಹನ್ ಬಿಲ್ಡಿಂಗ್ ಉಳಿಸಿ ಅಂತ ನಾವು ಸಹಿ ಹಾಕ್ತೀವಿ, ಹಾಕಬೇಕು ಕೂಡ. ಆದರೆ ಕಬ್ಬನ್‌ಪೇಟೆಯಲ್ಲಿ ಮಗ್ಗದ ಸದ್ದು ಒಂದೊಂದೇ ನಿಂತರೆ ಅದಕ್ಕೆ ಅರ್ಜಿಯ ನಮೂನೆಯೇ ಇಲ್ಲ. ನಾಳೆ ಗಲ್ಲಿಗಳು ಖಾಲಿಯಾಗಿ, ಹಳೇ ಮುಖಕ್ಕೆ ಬಣ್ಣ ಬಳಿದು, ಒಳಗೆ ಕೆಫೆ ಬಂದರೆ "ಹೆರಿಟೇಜ್ ಉಳೀತು" ಅಂತ ನಾವೇ ಚಪ್ಪಾಳೆ ತಟ್ಟೋ ಅಪಾಯ ಇದೆ. 2022ರಲ್ಲಿ ಏರ್‌ಪೋರ್ಟಿನಲ್ಲಿ ಕೆಂಪೇಗೌಡರ 108 ಅಡಿ ಪ್ರತಿಮೆ ನಿಲ್ಲಿಸಿದರು. ಊರು ಬಿಟ್ಟು ಹಾರೋರಿಗೆಲ್ಲ ಅದು ಕಾಣುತ್ತೆ. ಅವರು ಕಟ್ಟಿದ ಪೇಟೆಯಲ್ಲಿ ತಲೆ ಮೇಲೆ ಮೂಟೆ ಹೊತ್ತು ನಡೆಯೋನಿಗೆ ಒಂದು ನೆರಳು, ಒಂದು ನಲ್ಲಿ, ಒಂದು ಶೌಚಾಲಯ ಹುಡುಕೋದು ಇವತ್ತಿಗೂ ಕಷ್ಟ.

ಹಾಗಂತ ವಾಕ್ ನಿಲ್ಲಿಸಿ ಅಂತಿಲ್ಲ. ನಡೆಸೋರಿಗೆ ಒಂದು ಸಲಹೆ: ವರ್ಷಕ್ಕೆ ನಾಲ್ಕು ವಾಕ್ ಆದರೂ ವಾರದ ದಿನ ಹನ್ನೊಂದು ಗಂಟೆಗೆ ಇಡಿ. ಗುಂಪು ಆರು ಜನ ಮೀರೋದು ಬೇಡ, ಹಮಾಲರಿಗೆ ದಾರಿ ಬೇಕು. ಮೈಕು ಗೈಡ್ ಕೈಯಿಂದ ಒಬ್ಬ ಅಂಗಡಿಯವರಿಗೋ ನೇಯ್ಗೆಯವರಿಗೋ ಹೋಗಲಿ, ಅವರ ಸಮಯಕ್ಕೆ ದುಡ್ಡು ಕೊಡಿ. ಹೋಗೋರಿಗೂ ಒಂದು ಮಾತು: ಕ್ಯಾಮೆರಾ ಜೊತೆ ಸಾಮಾನಿನ ಪಟ್ಟಿಯೂ ಇರಲಿ. ಒಂದು ಬಲ್ಬ್ ಹೋಲ್ಡರ್ ತಗೊಂಡರೂ ಸಾಕು, ಪೇಟೆಯವರು ನಿಮ್ಮನ್ನ ಗಿರಾಕಿ ಅಂತ ಮಾತಾಡಿಸ್ತಾರೆ. ಆಮೇಲೆ ಅವರು ಹೇಳೋ ಕತೆಯಲ್ಲಿ ಇಸವಿಗಳು ಆಚೀಚೆ ಆಗಬಹುದು. ಅದನ್ನ ಮನೆಗೆ ಬಂದು ಪುಸ್ತಕದಲ್ಲಿ ನೋಡಿಕೊಳ್ಳಬಹುದು.